ಹಾಸಿಗೆ ಒದ್ದೆಯಾದರೆ ತಿಳಿಸುವ ವೈರ್‌ಲೆಸ್ ಸೆನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಲಮೂತ್ರದ ಮೇಲೆ ಹಿಡಿತ ತಪ್ಪಿದ ರೋಗಿಗಳನ್ನು ನೋಡಿಕೊಳ್ಳುವ ನರ್ಸುಗಳು, ವಾರ್ಡಿನ ಉಪಕರಣ ನೋಡುವ ಬಯೋಮೆಡಿಕಲ್ ಎಂಜಿನಿಯರುಗಳು ಮತ್ತು ಮನೆಯಲ್ಲಿ ಹಾಸಿಗೆ ಹಿಡಿದವರ ಸೇವೆ ಮಾಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಎರಡು ಗಂಟೆಗೊಮ್ಮೆ ಹೇಗೂ ನೋಡುತ್ತೇವೆ. ಸೆನ್ಸರ್ ಯಾಕೆ ಬೇಕು?

ರೋಗಿ ಒಳ್ಳೆಯ ನಿದ್ದೆಯಲ್ಲಿದ್ದಾಗ ಹೊದಿಕೆ ಸರಿಸಿ ನೋಡಿದರೆ ಒಣಗಿಯೇ ಇರುತ್ತದೆ. ನೀವು ಬೆನ್ನು ತಿರುಗಿಸಿದ ಹತ್ತು ನಿಮಿಷಕ್ಕೆ ಒದ್ದೆಯಾದರೆ ಮುಂದಿನ ಸುತ್ತಿನವರೆಗೆ, ಅಂದರೆ ಸುಮಾರು 1 ಗಂಟೆ 50 ನಿಮಿಷ, ಹಾಗೆಯೇ ಮಲಗಿರಬೇಕು. ಸೆನ್ಸರ್ ಈ ಎರಡೂ ತೊಂದರೆಗಳನ್ನು ಕಡಿಮೆ ಮಾಡುತ್ತದೆ: ಒಣಗಿದ್ದವರನ್ನು ಎಬ್ಬಿಸುವುದಿಲ್ಲ, ಒದ್ದೆಯಾದವರನ್ನು ಕಾಯಿಸುವುದಿಲ್ಲ.

ಕಾಯಿಸಿದರೆ ಆಗುವುದೇನು? ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಮಾಡುತ್ತವೆ, ಪಿಎಚ್ ಮೇಲೇರುತ್ತದೆ. ಜೊತೆಗೆ ಮಲವೂ ಸೇರಿದರೆ ಅದರಲ್ಲಿರುವ ಪ್ರೋಟೀನು, ಕೊಬ್ಬು ಕರಗಿಸುವ ಕಿಣ್ವಗಳು ಆ ಪಿಎಚ್‌ನಲ್ಲಿ ಇನ್ನೂ ಚುರುಕಾಗಿ ಚರ್ಮವನ್ನೇ ತಿನ್ನುತ್ತವೆ. ನೆನೆದು ಮೆತ್ತಗಾದ ಚರ್ಮ ಬೆಡ್‌ಶೀಟಿಗೆ ಉಜ್ಜಿದರೆ ಬೇಗ ಸುಲಿಯುತ್ತದೆ. ಬೆಡ್‌ಸೋರ್ (ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಒತ್ತಡದ ಹುಣ್ಣು) ಅಪಾಯ ಅಳೆಯಲು ವಾರ್ಡುಗಳಲ್ಲಿ ಬಳಸುವ, 1987ರಲ್ಲಿ ಪ್ರಕಟವಾದ ಬ್ರೇಡನ್ ಸ್ಕೇಲಿನ ಆರು ಅಂಶಗಳಲ್ಲಿ ತೇವವೂ ಒಂದು.

ಹಾಗಾದರೆ ಸೆನ್ಸರ್ ಹಾಕಿದರೆ ಬೆಡ್‌ಸೋರ್ ಆಗುವುದಿಲ್ಲವೇ?

ಹಾಗೆ ಹೇಳಿ ಮಾರುವವರನ್ನು ನಂಬಬೇಡಿ. ಬೆಡ್‌ಸೋರಿಗೆ ಮೊದಲ ಕಾರಣ ಒತ್ತಡ, ಆಮೇಲೆ ಜಾರುವಾಗಿನ ಎಳೆತ. ತೇವ ಅದಕ್ಕೆ ದಾರಿ ಸುಲಭ ಮಾಡಿಕೊಡುತ್ತದೆ. ಮಗ್ಗುಲು ಬದಲಿಸುವ ವೇಳಾಪಟ್ಟಿ ಯಥಾಪ್ರಕಾರ ನಡೆಯಲೇಬೇಕು. ಸೆನ್ಸರ್ ಬಂದ ಮೇಲೆ ರೌಂಡ್ಸ್ ಸಡಿಲವಾಗಿ, ಅದರ ಜೊತೆಗೆ ಮಗ್ಗುಲು ಬದಲಿಸುವುದೂ ತಪ್ಪಿಹೋಗುವುದು ಈ ತಂತ್ರಜ್ಞಾನದ ನಿಜವಾದ ಅಪಾಯ.

ಒಂದು ವ್ಯವಸ್ಥೆಯಲ್ಲಿ ಏನೇನು ಭಾಗಗಳಿರುತ್ತವೆ?

ತೇವ ಮುಟ್ಟುವ ಭಾಗ (ಡೈಪರಿನ ಒಳಗಿನ ಅಥವಾ ಅಂಡರ್‌ಪ್ಯಾಡಿನ ಮೇಲಿನ ಎಳೆಗಳು), ಸುದ್ದಿ ಕಳಿಸುವ ಟ್ಯಾಗ್ ಅಥವಾ ಕ್ಲಿಪ್, ಅದನ್ನು ಕೇಳಿಸಿಕೊಳ್ಳುವ ರೀಡರ್ ಅಥವಾ ಗೇಟ್‌ವೇ, ಮತ್ತು ಯಾವ ಹಾಸಿಗೆಯ ಸುದ್ದಿ ಯಾರ ಫೋನಿಗೆ ಹೋಗಬೇಕೆಂದು ನಿರ್ಧರಿಸುವ ಸಾಫ್ಟ್‌ವೇರ್. ಕೊನೆಯದಕ್ಕೆ ಜನ ಕೊಡುವ ಗಮನ ಅತಿ ಕಡಿಮೆ. ವ್ಯವಸ್ಥೆ ಕೆಡುವುದೂ ಹೆಚ್ಚಾಗಿ ಅಲ್ಲಿಯೇ.

ತೇವ ಗೊತ್ತಾಗುವುದು ಹೇಗೆ?

ಹಳೆಯ, ಈಗಲೂ ಚೆನ್ನಾಗಿ ನಡೆಯುವ ದಾರಿ ವಾಹಕತೆಯದು. ಒಂದೆರಡು ಸೆಂಟಿಮೀಟರ್ ಅಂತರದಲ್ಲಿ ಎರಡು ಎಳೆ, ಕಾರ್ಬನ್ ಇಂಕಿನದೋ ಅಲ್ಯೂಮಿನಿಯಂ ಹಾಳೆಯದೋ. ಒಣಗಿದ್ದಾಗ ನಡುವಿನ ರೋಧ ಮೆಗಾಓಮ್‌ಗಳಲ್ಲಿ; ಮೂತ್ರದಲ್ಲಿ ಲವಣವಿರುವುದರಿಂದ ಒದ್ದೆಯಾದೊಡನೆ ಕೆಲವೇ ಕಿಲೋಓಮ್‌ಗೆ ಇಳಿಯುತ್ತದೆ. ಹಾಸಿಗೆ ಒದ್ದೆ ಮಾಡುವ ಮಕ್ಕಳಿಗಾಗಿ ಅಮೆರಿಕದ ಮೌರರ್ ದಂಪತಿ 1938ರಲ್ಲಿ ಪ್ರಕಟಿಸಿದ ಗಂಟೆ ಮತ್ತು ಪ್ಯಾಡ್ ವಿಧಾನವೂ ಇದೇ. ವೈರ್ ಹೋಗಿ ರೇಡಿಯೋ ಬಂದಿದೆ, ಅಷ್ಟೇ.

ಎರಡನೆಯದು ಕೆಪಾಸಿಟನ್ಸ್, ಅಂದರೆ ಎರಡು ಲೋಹದ ಪಟ್ಟಿಗಳ ನಡುವೆ ವಿದ್ಯುತ್ ಆವೇಶ ಹಿಡಿದಿಡುವ ಸಾಮರ್ಥ್ಯ; ನಡುವಿನ ವಸ್ತುವಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಹೆಚ್ಚಿದಷ್ಟೂ ಅದು ಏರುತ್ತದೆ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಒಣ ಹತ್ತಿಯದು ಒಂದಂಕಿಯಲ್ಲಿ. ಹಾಗಾಗಿ ಲೋಹ ಚರ್ಮಕ್ಕೆ ತಾಗದೆ, ಪ್ಲಾಸ್ಟಿಕ್ ಪದರದ ಹಿಂದಿನಿಂದಲೇ ತೇವ ಕಂಡುಹಿಡಿಯಬಹುದು. ಆದರೆ ಮನುಷ್ಯನ ದೇಹದಲ್ಲೂ ಬಹುಪಾಲು ನೀರೇ. ತೊಡೆ ಹತ್ತಿರ ಬಂದರೂ ರೀಡಿಂಗ್ ಏರುತ್ತದೆ.

ಮೂರನೆಯದರಲ್ಲಿ ಡೈಪರಿನೊಳಗಿನ ಹೀರುಪುಡಿಯೇ ಸೆನ್ಸರ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತಂಡ 2020ರಲ್ಲಿ ತೋರಿಸಿದ ವಿನ್ಯಾಸದಲ್ಲಿ ಸೋಡಿಯಂ ಪಾಲಿಅಕ್ರಿಲೇಟ್ ನೀರು ಕುಡಿದು ಉಬ್ಬಿ ತುಸು ವಿದ್ಯುತ್ ಹರಿಯಬಿಡುತ್ತದೆ, ಪಕ್ಕದಲ್ಲಿಟ್ಟ ಆರ್‌ಎಫ್‌ಐಡಿ ಟ್ಯಾಗ್ (ರೀಡರಿನ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆಯುವ ಚಿಪ್) ಜೀವ ಪಡೆದು ಸುಮಾರು 1 ಮೀಟರ್ ದೂರದ ರೀಡರಿಗೆ ಉತ್ತರಿಸುತ್ತದೆ. ಬ್ಯಾಟರಿ ಇಲ್ಲ. ತಯಾರಿಕೆಯ ವೆಚ್ಚ 2 ಸೆಂಟ್‌ಗಿಂತ ಕಡಿಮೆ ಎಂದು ತಂಡ ಹೇಳಿತ್ತು. ಆದರೆ ಅದು ಟ್ಯಾಗಿನ ಲೆಕ್ಕ. ರೀಡರಿನ ಖರ್ಚು ಬೇರೆ.

ಆರ್‌ಎಫ್‌ಐಡಿ ಒಳ್ಳೆಯದೋ, ಬ್ಲೂಟೂತೋ?

ಪ್ಯಾಡಿನ ಜೊತೆಗೇ ಬಿಸಾಡುವ ಸೆನ್ಸರ್ ಬೇಕಾದರೆ ಯುಎಚ್‌ಎಫ್ (ಅತಿ ಹೆಚ್ಚು ಆವರ್ತನದ) ಆರ್‌ಎಫ್‌ಐಡಿ. ಟ್ಯಾಗ್ ಅಗ್ಗ, ಬ್ಯಾಟರಿ ಇಲ್ಲ. ಆದರೆ ಪ್ರತಿ ಹಾಸಿಗೆಗೂ ಆ್ಯಂಟೆನಾ ಬೇಕು, ಮತ್ತು ಅದು ರೋಗಿಯ ಪಕ್ಕದಲ್ಲೇ 1 ವ್ಯಾಟ್ ಮಟ್ಟದ ಟ್ರಾನ್ಸ್‌ಮಿಟರ್ ಇಟ್ಟಂತೆ.

ಮತ್ತೆ ಮತ್ತೆ ಬಳಸುವ ಕ್ಲಿಪ್ ಸಾಕೆಂದರೆ ಬ್ಲೂಟೂತ್ ಲೋ ಎನರ್ಜಿ. ಹೊಮ್ಮುವ ಶಕ್ತಿ ಕೆಲವು ಮಿಲಿವ್ಯಾಟ್ ಮಾತ್ರ, ಒಂದು ಗೇಟ್‌ವೇ ಹಲವು ಹಾಸಿಗೆಗೆ ಸಾಕು. 220 ಮಿಲಿಆಂಪ್‌-ಅವರ್‌ನ ಸಿಆರ್2032 ನಾಣ್ಯ ಬ್ಯಾಟರಿ ಸರಾಸರಿ 10 ಮೈಕ್ರೋಆಂಪ್ ಎಳೆದರೆ ಕಾಗದದ ಮೇಲೆ 22,000 ಗಂಟೆ, ಎರಡೂವರೆ ವರ್ಷ. ಒದ್ದೆಯಾದಾಗೆಲ್ಲ ಬಿಡದೆ ಕೂಗುವಂತೆ ಬರೆದ ಫರ್ಮ್‌ವೇರಿನಲ್ಲಿ (ಕ್ಲಿಪ್ಪಿನೊಳಗಿನ ಸಾಫ್ಟ್‌ವೇರ್) ಇದು ತಿಂಗಳುಗಳಿಗೆ ಇಳಿಯುತ್ತದೆ. ಕ್ಲಿಪ್ಪಿನ ಕಷ್ಟ ಬೇರೆ ಜಾತಿಯದು: ಡೈಪರ್ ಜೊತೆ ಕಸಕ್ಕೆ ಹೋಗುತ್ತದೆ, ಲಾಂಡ್ರಿಗೆ ಹೋಗುತ್ತದೆ, ಮಗ್ಗುಲಾದಾಗ ಸೊಂಟದಡಿ ಸಿಕ್ಕಿ ಅದೇ ಒತ್ತಡದ ಗಾಯ ಮಾಡುತ್ತದೆ. ಹೊಟ್ಟೆಯ ಮುಂಭಾಗಕ್ಕೆ ಮಾತ್ರ ಸಿಕ್ಕಿಸಿ, ಬೆನ್ನಿನ ಕಡೆ ಎಂದೂ ಬೇಡ.

ಹತ್ತು ಹಾಸಿಗೆಗಿಂತ ಕಡಿಮೆ ಇರುವಲ್ಲಿ, ಐಸಿಯು ಪಕ್ಕದಲ್ಲಿ, ಮನೆಯಲ್ಲಿ: ಬ್ಲೂಟೂತ್. ಪ್ಯಾಡುಗಳು ರಾಶಿಯಲ್ಲಿ ಬದಲಾಗುವ ದೀರ್ಘ ಆರೈಕೆಯ ವಾರ್ಡಿಗೆ ಆರ್‌ಎಫ್‌ಐಡಿ ಯೋಚಿಸಬಹುದು.

ಟ್ಯಾಗ್ ಓದಲು ಸಿಗಲಿಲ್ಲ ಎಂದರೆ ಒದ್ದೆ ಎಂದುಕೊಳ್ಳಬಹುದೇ?

ಬೇಡ. ನೀರು ಬಿದ್ದರೆ ಆ್ಯಂಟೆನಾದ ಟ್ಯೂನಿಂಗ್ ತಪ್ಪಿ ಟ್ಯಾಗ್ ಮೌನವಾಗುವುದು ನಿಜ. ಆದರೆ ರೋಗಿ ಮೇಲೆ ಹೊರಳಿದರೂ, ಟ್ಯಾಗ್ ಮಡಚಿದರೂ, ನಡುವೆ ಸ್ಟೀಲ್ ಬೆಡ್‌ಪ್ಯಾನ್ ಬಂದರೂ ಅದೇ ಮೌನ. ಈ ಉಪಾಯದ ಮೇಲೆ ನಿಂತ ಅಗ್ಗದ ಕಿಟ್‌ಗಳು ಡೆಮೋ ಮೇಜಿನ ಮೇಲೆ ಸೊಗಸಾಗಿ ನಡೆದು, ಮನುಷ್ಯ ಮಲಗಿದೊಡನೆ ಕೈಕೊಡುತ್ತವೆ.

ಸರಿಯಾದ ದಾರಿ ಎರಡಿವೆ. ಒಂದು, ಜೋಡಿ ಟ್ಯಾಗ್: ಒಂದು ತೇವ ತಾಗುವಲ್ಲಿ, ಇನ್ನೊಂದು ಪ್ಯಾಡಿನ ಒಣ ಅಂಚಿನಲ್ಲಿ. ಅಂಚಿನದು ಉತ್ತರಿಸಿ ನಡುವಿನದು ಉತ್ತರಿಸದಿದ್ದರೆ ಮಾತ್ರ ಒದ್ದೆಯ ಅನುಮಾನ. ಎರಡೂ ಮೌನವಾದರೆ ‘ಸೆನ್ಸರ್ ಕಾಣುತ್ತಿಲ್ಲ’ ಎಂಬ ಬೇರೆಯೇ ಸೂಚನೆ ಬರಬೇಕು. ಇನ್ನೊಂದು, ಸ್ಥಿತಿಯನ್ನು ಬಾಯಿಬಿಟ್ಟು ಹೇಳುವ ಚಿಪ್. ಎನ್‌ಎಕ್ಸ್‌ಪಿ ಎಂಬ ಚಿಪ್ ಕಂಪನಿಯ ಯುಕೋಡ್ ಜಿ2ಐಎಲ್ ಪ್ಲಸ್‌ನಲ್ಲಿ ಎಳೆ ತುಂಡಾಗಿದೆಯೇ ಕೂಡಿದೆಯೇ ಎಂದು ತಿಳಿಸುವ ಟ್ಯಾಂಪರ್ ಸೌಲಭ್ಯವಿದೆ. ಆ್ಯಕ್ಸ್‌ಜಾನ್ ಕಂಪನಿಯ ಮ್ಯಾಗ್ನಸ್ ಚಿಪ್ ತನ್ನ ಆ್ಯಂಟೆನಾವನ್ನು ತಾನೇ ಟ್ಯೂನ್ ಮಾಡಿಕೊಂಡು, ಎಷ್ಟು ಸರಿಪಡಿಸಬೇಕಾಯಿತು ಎಂಬ ಸಂಖ್ಯೆಯನ್ನೇ ಕಳಿಸುತ್ತದೆ. ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆಯೇ ಇದು: ನಿಮ್ಮದು ಒಣ, ಒದ್ದೆ, ಕಾಣುತ್ತಿಲ್ಲ ಎಂಬ ಮೂರು ಸ್ಥಿತಿಗಳನ್ನು ಬೇರೆ ಬೇರೆಯಾಗಿ ತೋರಿಸುತ್ತದೆಯೇ?

ಇನ್‌ಫ್ಯೂಷನ್ ಪಂಪ್, ಮಾನಿಟರುಗಳಿಗೆ ತೊಂದರೆ ಆಗುತ್ತದೆಯೇ?

ಆಗಬಹುದು, ಆಗಿಯೂ ಇದೆ. ಹಿಲ್‌ರಾಮ್ ಕಂಪನಿ 2019ರಲ್ಲಿ ಆಸ್ಪತ್ರೆ ಹಾಸಿಗೆಗಾಗಿ ತಂದ ವಾಚ್‌ಕೇರ್ ಎಂಬ ಆರ್‌ಎಫ್‌ಐಡಿ ತೇವ ಸೆನ್ಸರ್ ವ್ಯವಸ್ಥೆಯನ್ನು ಬೇರೆ ವೈದ್ಯಕೀಯ ಉಪಕರಣಗಳ ಕೆಲಸಕ್ಕೆ ರೇಡಿಯೋ ಅಲೆಗಳು ಅಡ್ಡಿಪಡಿಸಬಹುದೆಂಬ ಕಾರಣಕ್ಕೆ ಹಿಂದಕ್ಕೆ ಪಡೆಯಬೇಕಾಯಿತು. ಅಮೆರಿಕದ ಔಷಧ, ಉಪಕರಣ ನಿಯಂತ್ರಕ ಎಫ್‌ಡಿಎ 2022ರಲ್ಲಿ ಅದನ್ನು ಅತಿ ಗಂಭೀರವಾದ ಒಂದನೇ ವರ್ಗದ ರಿಕಾಲ್ ಎಂದು ಗುರುತಿಸಿತು. ಇನ್‌ಫ್ಯೂಷನ್ ಪಂಪ್, ಇನ್ಸುಲಿನ್ ಪಂಪ್, ಗ್ಲೂಕೋಸ್ ಸೆನ್ಸರ್, ಭ್ರೂಣದ ಹೃದಯ ಬಡಿತ ನೋಡುವ ಮಾನಿಟರ್ ಆ ಅಪಾಯದ ಪಟ್ಟಿಯಲ್ಲಿದ್ದವು.

ಮುನ್ಸೂಚನೆ ಇರಲಿಲ್ಲವೆಂದೇನಲ್ಲ. ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದು 2008ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆರ್‌ಎಫ್‌ಐಡಿ ಅಧ್ಯಯನದಲ್ಲಿ 41 ಐಸಿಯು ಉಪಕರಣಗಳ ಮೇಲೆ 123 ಪರೀಕ್ಷೆ ಮಾಡಿದಾಗ 34ರಲ್ಲಿ ಅಡಚಣೆ ಕಂಡಿತ್ತು, ಅವುಗಳಲ್ಲಿ 22 ಅಪಾಯಕಾರಿ ಎಂದು ವರ್ಗವಾದವು. ಸಾಮಾನ್ಯವಾಗಿ ಅಡಚಣೆ ಶುರುವಾದ ದೂರ 30 ಸೆಂಟಿಮೀಟರ್ ಆಸುಪಾಸು. ಹಾಸಿಗೆಯಡಿಯ ಆ್ಯಂಟೆನಾದಿಂದ ಹಾಸಿಗೆಯ ಕಂಬಿಗೆ ಸಿಕ್ಕಿಸಿದ ಸಿರಿಂಜ್ ಪಂಪ್ ಎಷ್ಟು ದೂರವಿದೆ, ಟೇಪ್ ಹಿಡಿದು ಅಳೆದು ನೋಡಿ.

ಯುಎಚ್‌ಎಫ್ ಹಾಕಲೇಬೇಕೆಂದಿದ್ದರೆ ನಿಮ್ಮ ವಾರ್ಡಿನ ಉಪಕರಣಗಳನ್ನೇ ಇಟ್ಟು ಪರೀಕ್ಷಿಸಿ. ರೋಗಿ ಇಲ್ಲದ ಹಾಸಿಗೆ, ಪಂಪಿನಲ್ಲಿ ಸಲೈನ್, ರೀಡರ್ ಪೂರ್ಣ ಶಕ್ತಿಯಲ್ಲಿ. 2 ಮೀಟರಿನಿಂದ ಹತ್ತಿರ ತರುತ್ತಾ 10 ಸೆಂಟಿಮೀಟರಿನವರೆಗೆ ಬನ್ನಿ. ಪಂಪ್ ನಿಂತರೆ, ದರ ಬದಲಾದರೆ, ಸುಳ್ಳು ಅಲಾರಂ ಹೊಡೆದರೆ ಆ ದೂರ ಬರೆದಿಡಿ. ಪಂಪಿನ ಮಾಡೆಲ್ ಬದಲಾದಾಗಲೆಲ್ಲ ಮತ್ತೆ ಪರೀಕ್ಷಿಸಬೇಕು. ಆರ್‌ಎಫ್‌ಐಡಿಗೆ ಉಪಕರಣ ತಡೆದುಕೊಳ್ಳುತ್ತದೆಯೇ ಎಂಬುದಕ್ಕೆ ಏಮ್ ಸಂಸ್ಥೆಯ 7351731 ಎಂಬ ಪರೀಕ್ಷಾ ಮಾನದಂಡವಿದೆ, ಖರೀದಿ ಟೆಂಡರಿನಲ್ಲಿ ಅದರ ವರದಿ ಕೇಳಿ. ರೀಡರ್ ಸದಾ ಹೊಮ್ಮಿಸುತ್ತಾ ಇರಬೇಕಿಲ್ಲ. ನಿಮಿಷಕ್ಕೊಮ್ಮೆ ಒಂದೆರಡು ಸೆಕೆಂಡ್ ಸಾಕು. ಒಂದು ನಿಮಿಷ ತಡವಾಗಿ ಗೊತ್ತಾದರೆ ಯಾವ ಚರ್ಮವೂ ಕೆಡುವುದಿಲ್ಲ.

ಹೊರದೇಶದಿಂದ ತರಿಸಿದ ರೀಡರನ್ನು ಇಲ್ಲಿ ಬಳಸಬಹುದೇ?

ಅಮೆರಿಕದ ಮಾಡೆಲ್ 902ರಿಂದ 928 ಮೆಗಾಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತದೆ. ನಮ್ಮಲ್ಲಿ ಅದರ ಒಂದು ಭಾಗ ಮೊಬೈಲ್ ಸೇವೆಯದು, ಬಳಸುವಂತಿಲ್ಲ. ಭಾರತದಲ್ಲಿ ಲೈಸೆನ್ಸ್ ಬೇಡದ ಪಟ್ಟಿ 865ರಿಂದ 868 ಮೆಗಾಹರ್ಟ್ಜ್, ಟ್ರಾನ್ಸ್‌ಮಿಟರ್ 1 ವ್ಯಾಟ್, ಆ್ಯಂಟೆನಾ ಸೇರಿ 4 ವ್ಯಾಟ್ ಮಿತಿ. ರೀಡರಿಗೆ ಡಬ್ಲ್ಯುಪಿಸಿಯ (ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗ) ಇಟಿಎ ಎಂಬ ಅನುಮೋದನೆ ಇದೆಯೇ ನೋಡಿ. ರೋಗಿಯ ಆರೈಕೆಗೆಂದೇ ಮಾರುವ ಉಪಕರಣಕ್ಕೆ 2017ರ ವೈದ್ಯಕೀಯ ಉಪಕರಣ ನಿಯಮಗಳೂ ಅನ್ವಯಿಸುತ್ತವೆ. ಕಡಿಮೆ ಅಪಾಯದ ಎ ಮತ್ತು ಬಿ ವರ್ಗಕ್ಕೆ ಲೈಸೆನ್ಸ್ ಕಡ್ಡಾಯವಾದದ್ದು 2022ರ ಅಕ್ಟೋಬರ್‌ನಿಂದ.

ಬೆವರಿದರೂ ಅಲಾರಂ ಹೊಡೆಯುತ್ತದೆ. ಏನು ಮಾಡುವುದು?

ಮಂಗಳೂರು, ಕಾರವಾರದ ಕಡೆ ಏಪ್ರಿಲ್–ಮೇ ತಿಂಗಳಲ್ಲಿ ಫ್ಯಾನ್ ಮಾತ್ರ ಇರುವ ವಾರ್ಡಿನಲ್ಲಿ ಇದು ಸಾಮಾನ್ಯ ದೂರು. ಬೆವರಿನಲ್ಲೂ ಉಪ್ಪಿದೆ, ಅದೂ ವಾಹಕ. ಆದರೆ ನಡೆ ಬೇರೆ: ಮೂತ್ರ ಬಿದ್ದಾಗ ರೋಧ ಕೆಲವೇ ಸೆಕೆಂಡಿನಲ್ಲಿ ಕುಸಿಯುತ್ತದೆ, ಬೆವರಿಗೆ ಮೆಲ್ಲಗೆ ಜಾರುತ್ತದೆ. ಮಟ್ಟದ ಜೊತೆ ಇಳಿತದ ವೇಗವನ್ನೂ ನೋಡುವ ಸಾಫ್ಟ್‌ವೇರ್ ಇದ್ದರೆ ಅರ್ಧ ಕಾಟ ಮುಗಿಯುತ್ತದೆ. ಒದ್ದೆ ಸ್ಥಿತಿ 60 ಸೆಕೆಂಡ್ ನಿಂತರೆ ಮಾತ್ರ ಅಲರ್ಟ್ ಎಂದು ಹೊಂದಿಸಿ. ಎಳೆಗಳು ಚರ್ಮಕ್ಕೆ ನೇರ ತಾಗುವ ಬದಲು ಮೇಲ್ಪದರದ ಕೆಳಗಿದ್ದರೆ ಉಳಿದದ್ದೂ ಬಹುಮಟ್ಟಿಗೆ ನಿಲ್ಲುತ್ತದೆ. ಇನ್ನು ರೆಕ್ಸಿನ್ ಹಾಸಿನ ಮೇಲೆ ನೇರವಾಗಿ ಮಲಗಿಸಿದ್ದರೆ ತಪ್ಪು ಸೆನ್ಸರಿನದಲ್ಲ.

ಹೊಸ ಪ್ಯಾಡುಗಳನ್ನು ಹೇಗೆ ಪರೀಕ್ಷಿಸಬೇಕು?

ಫಿಲ್ಟರ್ ನೀರು ಸುರಿದು ‘ಕೆಲಸ ಮಾಡುತ್ತಿಲ್ಲ’ ಎನ್ನುವವರು ಬಹಳ. ಆರ್‌ಒ ನೀರಿನಲ್ಲಿ ಲವಣ ತೀರ ಕಡಿಮೆ, ವಾಹಕತೆಯ ಸೆನ್ಸರ್ ಅದಕ್ಕೆ ಸ್ಪಂದಿಸುವುದೇ ಇಲ್ಲ. ಹೀರುಪುಡಿಯ ಲೆಕ್ಕವೂ ತಲೆಕೆಳಗಾಗುತ್ತದೆ: ಅದು ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರಿದರೆ, ಉಪ್ಪುನೀರನ್ನು ಅದರ ಒಂದು ಸಣ್ಣ ಪಾಲಿನಷ್ಟು ಮಾತ್ರ. ವಾರ್ಡಿನಲ್ಲಿ ಸುಲಭವಾಗಿ ಸಿಗುವ 0.9 ಶೇಕಡಾ ಸಲೈನ್ ಬಳಸಿ, 37 ಡಿಗ್ರಿಗೆ ಬೆಚ್ಚಗೆ ಮಾಡಿ.

ಪ್ರತಿ ಪೆಟ್ಟಿಗೆಯಿಂದ ಐದು ಪ್ಯಾಡ್ ತೆಗೆಯಿರಿ. ಪ್ಯಾಡ್ ಮೇಲೆ 5 ಕಿಲೋದಷ್ಟು ಭಾರವಿಟ್ಟು, ಸಿರಿಂಜಿನಿಂದ ಮೊದಲು 10 ಮಿಲಿಲೀಟರ್: ಅಲರ್ಟ್ ಬರಬಾರದು. ಆಮೇಲೆ 50, ಆಮೇಲೆ 100: ಇಲ್ಲಿ ಬರಲೇಬೇಕು. ವಯಸ್ಕರು ಒಮ್ಮೆಗೆ ಬಿಡುವ ಮೂತ್ರ 300 ಮಿಲಿಲೀಟರ್ ದಾಟುವುದು ಸಾಮಾನ್ಯವಾದರೂ, ಹಾಸಿಗೆ ಹಿಡಿದವರಲ್ಲಿ ಸ್ವಲ್ಪ ಸ್ವಲ್ಪವಾಗಿ ಜಿನುಗುವುದೇ ಹೆಚ್ಚು. ಹಾಗಾಗಿ 300ಕ್ಕೆ ಮಾತ್ರ ಎಚ್ಚರಗೊಳ್ಳುವ ಸೆನ್ಸರಿನಿಂದ ಪ್ರಯೋಜನವಿಲ್ಲ. ನಡುವೆ ಸುರಿದಂತೆ ಅಂಚಿಗೂ ಸುರಿದು ನೋಡಿ. ಮಗ್ಗುಲಾಗಿ ಮಲಗಿದ ಗಂಡಸರಲ್ಲಿ ಮೂತ್ರ ಮೊದಲು ತಾಗುವುದು ಅಲ್ಲಿಯೇ.

ಪ್ಯಾಡ್ ಹಾಸುವಾಗ ಏನು ಗಮನಿಸಬೇಕು?

60×90 ಸೆಂಟಿಮೀಟರ್ ಪ್ಯಾಡಿನ ಉದ್ದ ಹಾಸಿಗೆಗೆ ಅಡ್ಡವಾಗಿರಲಿ, ಸೆನ್ಸರ್ ಗುರುತು ಪೃಷ್ಠದ ಕೆಳಗೆ ಬರಲಿ. ಸೆನ್ಸರ್ ಪ್ಯಾಡಿನ ಮೇಲೆ ಡ್ರಾಶೀಟ್ (ಸೊಂಟದಡಿ ಹಾಸುವ ಅಡ್ಡಬಟ್ಟೆ), ಅದರ ಮೇಲೆ ಇನ್ನೊಂದು ಪ್ಯಾಡ್ ಎಂದು ಅಭ್ಯಾಸಬಲದಿಂದ ಪದರ ಹಾಕಿದರೆ ಮೇಲಿನವು ನೆನೆದು ತೊಟ್ಟಿಕ್ಕುವವರೆಗೆ ಸೆನ್ಸರಿಗೆ ಸುದ್ದಿ ಮುಟ್ಟುವುದಿಲ್ಲ. ಮ್ಯಾಕಿಂಟಾಶ್ (ನೀರು ಇಳಿಯದ ರಬ್ಬರ್ ಹಾಸು) ಸೆನ್ಸರಿನ ಕೆಳಗಿರಬೇಕು, ಮೇಲಲ್ಲ. ಕೊಬ್ಬರಿ ಎಣ್ಣೆ, ವ್ಯಾಸಲಿನ್ ದಪ್ಪಗೆ ಮೆತ್ತಿದರೆ ಅದು ಪ್ಯಾಡಿನ ಮೇಲ್ಪದರಕ್ಕೆ ಹತ್ತಿ ಮೂತ್ರ ಒಳಗಿಳಿಯದೆ ಪಕ್ಕಕ್ಕೆ ಹರಿಯುತ್ತದೆ. ಚರ್ಮ ಕಾಯಲು ಡೈಮೆಥಿಕೋನ್ ಅಥವಾ ಝಿಂಕ್ ಆಕ್ಸೈಡ್ ಕ್ರೀಮನ್ನು ತೆಳುವಾಗಿ ಹಚ್ಚಿದರೆ ಸಾಕು. ಟಾಲ್ಕಂ ಪೌಡರ್ ಒದ್ದೆಯಾದರೆ ಉಂಡೆ ಕಟ್ಟಿ ಉಜ್ಜುತ್ತದೆ, ಬಿಟ್ಟುಬಿಡಿ.

ಪ್ಯಾಡ್ ಬದಲಿಸಿದೊಡನೆ ಹೊಸ ಟ್ಯಾಗನ್ನು ಆ ಹಾಸಿಗೆಗೆ ಜೋಡಿಸುವುದನ್ನು ಮರೆಯುವುದೇ ಪಕ್ಕದ ಹಾಸಿಗೆಯ ಅಲರ್ಟ್ ಇಲ್ಲಿ ಬರಲು ದೊಡ್ಡ ಕಾರಣ. ಎರಡನೆಯದು ಕಬ್ಬಿಣದ ಮಂಚಕ್ಕೆ ಬಡಿದು ಹಿಂದಿರುಗುವ ಅಲೆ. ರೀಡರ್ ಶಕ್ತಿಯನ್ನು ಸ್ವಂತ ಹಾಸಿಗೆ ಓದುವಷ್ಟಕ್ಕೆ ಇಳಿಸಿ.

ಅಲರ್ಟ್ ಯಾರಿಗೆ ಹೋಗಬೇಕು?

ಬದಲಿಸುವವರಿಗೆ, ಅಂದರೆ ಆಯಾ ಅಥವಾ ವಾರ್ಡ್ ಅಟೆಂಡರಿಗೆ, ಮೊದಲು. 10 ನಿಮಿಷದಲ್ಲಿ ಒಪ್ಪಿಗೆ ಒತ್ತದಿದ್ದರೆ ಸ್ಟಾಫ್ ನರ್ಸಿಗೆ, 20 ನಿಮಿಷಕ್ಕೆ ಇನ್‌ಚಾರ್ಜ್ ಸಿಸ್ಟರಿಗೆ. ಎಲ್ಲರ ಫೋನಿಗೂ ಒಟ್ಟಿಗೆ ಕಳಿಸಿದರೆ ಯಾರೂ ಹೋಗುವುದಿಲ್ಲ. ಹಾಸಿಗೆ ಪಕ್ಕದಲ್ಲಿ ಜೋರಾಗಿ ಕೂಗುವ ಬಜರ್ ಬೇಡ. ಎಂಟು ಜನರ ಜನರಲ್ ವಾರ್ಡಿನಲ್ಲಿ ಅದು ಆ ರೋಗಿಯ ಮಾನ ಕಳೆಯುತ್ತದೆ. ಪರದೆಯ ಮೇಲೂ ಹಾಸಿಗೆ ಸಂಖ್ಯೆ ಮಾತ್ರ ಸಾಕು.

ಮಲ ಗೊತ್ತಾಗುತ್ತದೆಯೇ?

ತೆಳುವಾದದ್ದು ಗೊತ್ತಾಗುತ್ತದೆ, ಗಟ್ಟಿಯಾದದ್ದು ಎಳೆಗಳನ್ನು ಕೂಡಿಸುವುದಿಲ್ಲ. ಜಪಾನಿನಲ್ಲಿ ಅಬಾ ಕಂಪನಿ ಮತ್ತು ಪ್ಯಾರಮೌಂಟ್ ಬೆಡ್ ಸೇರಿ ತಂದ ಹೆಲ್ಪ್‌ಪ್ಯಾಡ್ ವಾಸನೆ ಹಿಡಿಯುವ ಹಾಸು, ಅದಕ್ಕೆ ಮಲವೂ ತಿಳಿಯುತ್ತದೆ. ತೇವದ ಸೆನ್ಸರ್ ಮಾತ್ರ ಇದ್ದರೆ ಮಲವಿಸರ್ಜನೆ ನಿಯಂತ್ರಣವಿಲ್ಲದ ರೋಗಿಯ ಕೈಯಾರೆ ತಪಾಸಣೆ ನಿಲ್ಲಿಸಬೇಡಿ.

ಕ್ಯಾತೆಟರ್ (ಮೂತ್ರದ ಟ್ಯೂಬ್) ಇದ್ದವರಿಗೂ ಬೇಕೇ?

ಟ್ಯೂಬ್ ಕಟ್ಟಿಕೊಂಡು ಪಕ್ಕದಿಂದ ಸೋರಿದಾಗ ಬೇಗ ತಿಳಿಯಲು ಉಪಯೋಗ. ಅದಕ್ಕಿಂತ ಮುಖ್ಯವಾದದ್ದು, ಒದ್ದೆಯ ಭಯಕ್ಕಷ್ಟೇ ಹಾಕಿದ ಕ್ಯಾತೆಟರನ್ನು ತೆಗೆಯಲು ಡಾಕ್ಟರಿಗೆ ಧೈರ್ಯ ಬರುವುದು. ಒಳಗಿಟ್ಟ ಕ್ಯಾತೆಟರ್ ದಿನ ಹೆಚ್ಚಿದಷ್ಟೂ ಸೋಂಕು ತರುತ್ತದೆ.

ಎಂಆರ್‌ಐಗೆ ಹೋಗುವಾಗ?

ಕ್ಲಿಪ್, ಟ್ಯಾಗ್ ಇರುವ ಡೈಪರ್, ಪ್ಯಾಡ್ ಎಲ್ಲ ತೆಗೆದು ಸಾದಾ ಡೈಪರ್ ಹಾಕಿ. ಲೋಹದ ಎಳೆ ಬಿಸಿಯಾಗಿ ಸುಡಬಹುದು, ನಾಣ್ಯ ಬ್ಯಾಟರಿ ಸೆಳೆದುಕೊಂಡು ಹೋಗುತ್ತದೆ. ಕಳಿಸುವ ಮೊದಲಿನ ಚೆಕ್‌ಲಿಸ್ಟಿಗೆ ಈ ಸಾಲು ಸೇರಿಸಿ.

ಶುಚಿ ಮಾಡುವುದು, ಬಿಸಾಡುವುದು ಹೇಗೆ?

ಬಳಸಿದ ಪ್ಯಾಡ್ ಟ್ಯಾಗ್ ಸಮೇತ ಹಳದಿ ಚೀಲಕ್ಕೆ. ಬ್ಯಾಟರಿ ಇರುವ ಯಾವುದೂ ಅದರೊಳಗೆ ಹೋಗಬಾರದು, ಉರಿಸುವಾಗ ಸಿಡಿಯುತ್ತದೆ. ಅದಕ್ಕೆ 2022ರ ಬ್ಯಾಟರಿ ತ್ಯಾಜ್ಯ ನಿಯಮದಡಿ ಬೇರೆ ದಾರಿ ಇದೆ. ಕ್ಲಿಪ್ಪನ್ನು ರೋಗಿಯಿಂದ ರೋಗಿಗೆ ಬದಲಿಸುವಾಗ ಮೊದಲು ಸೋಪುನೀರಿನಲ್ಲಿ ಒರೆಸಿ, ಆಮೇಲೆ ತಯಾರಕರು ಒಪ್ಪಿದ ಡಿಸಿನ್ಫೆಕ್ಟೆಂಟ್. ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಭೇದಿ ಇದ್ದವರದಾದರೆ ಆಲ್ಕೊಹಾಲ್ ಸಾಲದು, ಅದರ ಬೀಜಕಣಗಳು ಸಾಯುವುದಿಲ್ಲ, ಹೈಪೋಕ್ಲೋರೈಟ್ ಬೇಕು.

ಮನೆಯಲ್ಲಿ ನಾವೇ ಮಾಡಿಕೊಳ್ಳಬಹುದೇ?

ಎಲೆಕ್ಟ್ರಾನಿಕ್ಸ್ ಬಲ್ಲವರು ಸ್ವಂತ ಬಳಕೆಗೆ ಮಾಡಿಕೊಳ್ಳಬಹುದು, ಕೆಲವು ಗೆರೆ ದಾಟದೆ. 3 ವೋಲ್ಟ್ ಬ್ಯಾಟರಿ ಮಾತ್ರ. ಚಾರ್ಜರಿಗೆ ಸಿಕ್ಕಿಸಿದ ಬೋರ್ಡಿನಿಂದ ಹಾಸಿಗೆಗೆ ತಂತಿ ಎಳೆಯಲೇಬೇಡಿ. ಎಲೆಕ್ಟ್ರೋಡಿಗೆ ವಿದ್ಯುತ್ ಕೊಡುವ ಪಿನ್ನಿಗೆ 1 ಮೆಗಾಓಮ್ ರೆಸಿಸ್ಟರ್, ಅಲ್ಲಿಗೆ ಹರಿಯುವುದು ಹೆಚ್ಚೆಂದರೆ 3 ಮೈಕ್ರೋಆಂಪ್. ವೈದ್ಯಕೀಯ ವಿದ್ಯುತ್ ಉಪಕರಣಗಳ ಸುರಕ್ಷತಾ ಮಾನದಂಡ ಐಇಸಿ 60601-1 ಸಾಮಾನ್ಯ ಸ್ಥಿತಿಯಲ್ಲಿ ರೋಗಿಯ ಮೈಯಲ್ಲಿ ಹರಿಯಬಹುದಾದ ನೇರ ವಿದ್ಯುತ್ತಿಗೆ ಇಟ್ಟಿರುವ ಮಿತಿ 10 ಮೈಕ್ರೋಆಂಪ್. ಸದಾ ಹರಿಸಬೇಡಿ, ಐದು ಸೆಕೆಂಡಿಗೊಮ್ಮೆ ಕೆಲವು ಮಿಲಿಸೆಕೆಂಡ್ ಸಾಕು, ಪ್ರತಿ ಸಲ ದಿಕ್ಕು ತಿರುಗಿಸಿ. ಒಂದೇ ದಿಕ್ಕಿನ ವಿದ್ಯುತ್ ಒದ್ದೆಯಲ್ಲಿ ಎಳೆಯನ್ನು ತುಕ್ಕು ಹಿಡಿಸುತ್ತದೆ, ಚರ್ಮವನ್ನೂ ಕೆರಳಿಸುತ್ತದೆ. ಎಳೆಗಳ ನಡುವಿನ ವೋಲ್ಟೇಜ್ ಒಣಗಿದ್ದಾಗಿನದರ ಹತ್ತನೇ ಒಂದು ಭಾಗಕ್ಕಿಂತ ಕೆಳಗಿಳಿದರೆ ಒದ್ದೆ ಎಂದು ಇಟ್ಟುಕೊಂಡರೆ, ಅದು ಸುಮಾರು 110 ಕಿಲೋಓಮ್‌ ರೋಧಕ್ಕೆ ಸರಿಹೋಗುತ್ತದೆ. ಬೆವರಿನ ಪಸೆಗೆ ಅಷ್ಟು ಬೇಗ ಇಳಿಯದು. ಎಳೆಗಳು ಬಟ್ಟೆಯ ಕೆಳಗಿರಲಿ, ಚರ್ಮಕ್ಕೆ ತಾಗದಿರಲಿ. ಪೇಸ್‌ಮೇಕರ್ ಇದ್ದವರಿಗೆ ಈ ಪ್ರಯೋಗ ಬೇಡ.

ವಾರ್ಡಿಗೆ ಲಾಭವಾಗುತ್ತದೆಯೇ ಎಂದು ಹೇಗೆ ಲೆಕ್ಕ ಹಾಕುವುದು?

20 ಹಾಸಿಗೆ, ದಿನಕ್ಕೆ ತಲಾ 4 ಪ್ಯಾಡ್ ಎಂದರೆ ತಿಂಗಳಿಗೆ 2,400 ಟ್ಯಾಗ್. ಟ್ಯಾಗ್ ಇರುವ ಪ್ಯಾಡಿಗೆ ಸಾದಾ ಪ್ಯಾಡಿಗಿಂತ ಎಷ್ಟು ಹೆಚ್ಚು ಕೊಡುತ್ತೀರೋ ಅದರಿಂದ ಗುಣಿಸಿ, ರೀಡರ್ ಮತ್ತು ವಾರ್ಷಿಕ ಸಾಫ್ಟ್‌ವೇರ್ ಶುಲ್ಕದ ಹನ್ನೆರಡನೇ ಒಂದು ಭಾಗ ಕೂಡಿಸಿ. ಇನ್ನೊಂದು ಕಡೆ, ಒಣಗಿದ್ದರೂ ವೇಳೆಯಾಯಿತೆಂದು ಬಿಸಾಡುತ್ತಿದ್ದ ಪ್ಯಾಡುಗಳು, ಬದಲಿಸಬೇಕಾಗುತ್ತಿದ್ದ ಬೆಡ್‌ಶೀಟುಗಳು.

ಕೊಳ್ಳುವ ಮೊದಲು ಸೆನ್ಸರ್ ಇಲ್ಲದೆಯೇ ಒಂದು ವಾರ ಅಳೆಯಿರಿ. ಬದಲಿಸುವಾಗ ಪ್ಯಾಡ್ ತೂಗಿ ಒಣ ತೂಕ ಕಳೆಯಿರಿ (1 ಗ್ರಾಂ ಅಂದರೆ ಸುಮಾರು 1 ಮಿಲಿಲೀಟರ್), ಹೊತ್ತು ಬರೆಯಿರಿ, ಚರ್ಮ ಕೆಂಪಾಗಿದೆಯೇ ಗುರುತು ಹಾಕಿ. ಆಮೇಲೆ ನಾಲ್ಕು ವಾರ ಸೆನ್ಸರ್ ಹಾಕಿ ಅಲರ್ಟ್ ಬಂದದ್ದರಿಂದ ಪ್ಯಾಡ್ ಬದಲಾಗುವವರೆಗಿನ ನಿಮಿಷಗಳನ್ನು ರಾತ್ರಿ, ಹಗಲು ಬೇರೆ ಮಾಡಿ ನೋಡಿ. ರಾತ್ರಿ ಪಾಳಿಯಲ್ಲಿ ಒಬ್ಬರೇ ಆಯಾ ಇದ್ದು ಈ ಅಂತರ 70–80 ನಿಮಿಷವಿದ್ದರೆ, ಸೆನ್ಸರಿನ ದುಡ್ಡಲ್ಲಿ ಇನ್ನೊಬ್ಬರನ್ನು ನೇಮಿಸಿಕೊಳ್ಳಿ.